ರಿಪೋರ್ಟ್ ನಾರ್ಮಲ್, ಮೈಯೆಲ್ಲಾ ನೋವು

(ನಮ್ಮ ಬಡಾವಣೆಯ ಮಹಿಳಾ ಸಂಘದವರು ಕರೆದಿದ್ದಾಗ ಫೈಬ್ರೋಮಯಾಲ್ಜಿಯಾ ಎಂಬ ಮೈನೋವಿನ ಕಾಯಿಲೆ ಬಗ್ಗೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಒಪ್ಪ ಮಾಡಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಇಟ್ಟಿದ್ದೇನೆ. ನಾನು ಫಿಸಿಯೋಥೆರಪಿಸ್ಟ್. ಮಾತ್ರೆ ಬರೆದುಕೊಡುವುದು ನನ್ನ ಕೆಲಸ ಅಲ್ಲ. ಹಾಗಾಗಿ ಇಲ್ಲಿ ಮಾತ್ರೆಗಿಂತ ಮೈ ಆಡಿಸುವ ವಿಷಯವೇ ಜಾಸ್ತಿ.)

ಎಲ್ಲರಿಗೂ ನಮಸ್ಕಾರ. ಮೈಕೈ ನೋವು ಇಲ್ಲದವರು ಕೈ ಎತ್ತಿ ಅಂದರೆ ಇಲ್ಲಿ ಯಾರೂ ಎತ್ತಲಿಕ್ಕಿಲ್ಲ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ನಾನು ಎಲ್ಲ ನೋವಿನ ಬಗ್ಗೆ ಮಾತಾಡುತ್ತಿಲ್ಲ. ಮದುವೆ ಮನೆಯಲ್ಲಿ ಓಡಾಡಿ ಬಂದ ಮೈನೋವು ಎರಡು ದಿನಕ್ಕೆ ಇಳಿಯುತ್ತದೆ. ಮಂಡಿ ಸವೆದ ನೋವು ಮಂಡಿಯಲ್ಲೇ ಇರುತ್ತದೆ. ನಾನು ಹೇಳಲು ಬಂದಿರುವುದು ಊರೆಲ್ಲ ಸುತ್ತುವ ನೋವಿನ ಬಗ್ಗೆ. ಕತ್ತು, ಭುಜ, ಬೆನ್ನು, ಸೊಂಟ, ತೊಡೆ, ಎಲ್ಲ ಕಡೆ. ಇವತ್ತು ಬಲಭುಜ ಜೋರು, ನಾಳೆ ಎಡ ಸೊಂಟ ಜೋರು. ಮೂರು ತಿಂಗಳಾದರೂ ಬಿಡುವುದಿಲ್ಲ, ಎಷ್ಟೋ ಜನಕ್ಕೆ ವರ್ಷಗಟ್ಟಲೆ ಬಿಡುವುದಿಲ್ಲ. ರಾತ್ರಿಯೆಲ್ಲ ಮಲಗಿದ್ದರೂ ಬೆಳಗ್ಗೆ ಎದ್ದಾಗ ನಿದ್ದೆಯೇ ಮಾಡಿಲ್ಲವೇನೋ ಅನ್ನುವಷ್ಟು ದಣಿವು.

ಇದರ ಜೊತೆ ಇನ್ನೂ ಕೆಲವು. ಫ್ರಿಜ್ ಬಾಗಿಲು ತೆಗೆದು, ಏನಕ್ಕೆ ಬಂದೆ ಅಂತ ನಿಂತುಬಿಡುವುದು. ಮಾತಾಡುತ್ತಾ ಮಾತಾಡುತ್ತಾ ಬೇಕಾದ ಪದವೇ ಬಾಯಿಗೆ ಬಾರದಿರುವುದು. ಹೊಟ್ಟೆ ಉಬ್ಬರ, ತಲೆನೋವು. ಜೋರು ಶಬ್ದ, ಊದುಬತ್ತಿ ವಾಸನೆ, ನೇರ ಬೀಳುವ ಫ್ಯಾನ್ ಗಾಳಿ, ಇವನ್ನೂ ತಡೆಯಲು ಆಗದಿರುವುದು. ಇದೆಲ್ಲ ಸೇರಿ ಫೈಬ್ರೋಮಯಾಲ್ಜಿಯಾ. ಬೇರೆ ಬೇರೆ ದೇಶಗಳಲ್ಲಿ ಲೆಕ್ಕ ಹಾಕಿದಾಗ ಸುಮಾರಾಗಿ ನೂರರಲ್ಲಿ 2ರಿಂದ 4 ಜನರಿಗೆ ಇದು ಕಂಡಿದೆ. ಹೆಂಗಸರಲ್ಲಿ ಜಾಸ್ತಿ. ಗಂಡಸರಿಗೂ ಬರುತ್ತದೆ, ಆದರೆ ಅವರು ಕೆಲಸದ ಸುಸ್ತು ಅಂದುಕೊಂಡು ಸುಮ್ಮನಿದ್ದುಬಿಡುತ್ತಾರೆ.

ನನ್ನ ಹತ್ತಿರ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ದಪ್ಪ ಪ್ಲಾಸ್ಟಿಕ್ ಕವರ್ ಇರುತ್ತದೆ. ಅದರಲ್ಲಿ ಬೆನ್ನಿನ ಎಕ್ಸ್‌ರೇ, ಕತ್ತಿನ ಎಂಆರ್‌ಐ, ಯೂರಿಕ್ ಆಸಿಡ್, ಆರ್‌ಎ ಫ್ಯಾಕ್ಟರ್, ಮೂರು ಲ್ಯಾಬಿನ ರಕ್ತ ಪರೀಕ್ಷೆ. ಎಲ್ಲ ನಾರ್ಮಲ್. ಬೇರೆ ಯಾವ ಕಾಯಿಲೆಯಲ್ಲಾದರೂ ನಾರ್ಮಲ್ ಅಂದರೆ ಮನೆಯವರು ದೇವರಿಗೆ ಕೈ ಮುಗಿಯುತ್ತಾರೆ. ಇಲ್ಲಿ ಮಾತ್ರ ಆ ಪದ ಕಾಯಿಲೆಯವರ ಮೇಲೇ ತಿರುಗಿ ಬೀಳುತ್ತದೆ. ಗಾರ್ಮೆಂಟ್ಸಿನಲ್ಲಿ ಟೈಲರ್ ಆಗಿರುವ ಹೆಂಗಸೊಬ್ಬರು ನನ್ನ ಹತ್ತಿರ ಬರುತ್ತಾರೆ. ಅವರ ಅತ್ತೆಯೂ ಜೊತೆಗೇ ಬಂದಿದ್ದರು. ಕೆಟ್ಟವರೇನಲ್ಲ, ಸೊಸೆಯ ಚೀಲ ಹಿಡಿದುಕೊಂಡೇ ಕೂತಿದ್ದರು. ಆದರೂ ನನ್ನ ಎದುರಿಗೇ ಕೇಳಿದರು: "ಏನೂ ಇಲ್ಲ ಅಂದ್ರಲ್ಲಮ್ಮ ಡಾಕ್ಟ್ರು, ಮತ್ತೆ ಯಾಕೆ ಹಂಗೆ ಮಲಗ್ತೀಯ?" ಸೊಸೆ ಉತ್ತರ ಕೊಡಲಿಲ್ಲ. ಕೊಡುವುದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ.

ಅತ್ತೆಯ ಪ್ರಶ್ನೆ ನ್ಯಾಯವಾದದ್ದೇ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ. ರಕ್ತದಲ್ಲಿ ಉರಿಯೂತ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಈ ಕಾಯಿಲೆಯಲ್ಲಿ ಎಡವಟ್ಟು ಇರುವುದು ನೋವಿನ ಸುದ್ದಿ ಸಾಗುವ ದಾರಿಯಲ್ಲಿ, ಅಂದರೆ ಬೆನ್ನುಹುರಿ ಮತ್ತು ಮೆದುಳಿನಲ್ಲಿ. ಅದನ್ನು ಅಳೆಯುವ ರಕ್ತ ಪರೀಕ್ಷೆ ಇನ್ನೂ ಲ್ಯಾಬುಗಳಿಗೆ ಬಂದಿಲ್ಲ.

ಹಾಗಾದರೆ ನೋವು ನಿಜ ಅನ್ನುವುದಕ್ಕೆ ಆಧಾರ ಏನು ಅಂತ ಕೇಳಬಹುದು. 2002ರಲ್ಲಿ ಅಮೆರಿಕದಲ್ಲಿ ಮಾಡಿದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಫೈಬ್ರೋಮಯಾಲ್ಜಿಯಾ ಇರುವವರನ್ನೂ ಇಲ್ಲದವರನ್ನೂ ಒಬ್ಬೊಬ್ಬರಾಗಿ ಸ್ಕ್ಯಾನಿಂಗ್ ಮಷೀನಿನಲ್ಲಿ ಮಲಗಿಸಿದರು. ಹೆಬ್ಬೆರಳಿನ ಉಗುರನ್ನು ಒಂದು ಸಲಕರಣೆಯಿಂದ ಅಳತೆ ಮಾಡಿ ಒತ್ತಿದರು. ನಿಮ್ಮ ಹೆಬ್ಬೆರಳಿನ ಉಗುರನ್ನೇ ಒಮ್ಮೆ ಒತ್ತಿ ನೋಡಿ. ಮೆಲ್ಲಗೆ ಒತ್ತಿದರೆ ಬರೀ ಒತ್ತಡ, ಜೋರಾಗಿ ಒತ್ತಿದರೆ ನೋವು. ಕಾಯಿಲೆ ಇರುವವರಿಗೆ ಹೆಚ್ಚುಕಡಿಮೆ ಅರ್ಧದಷ್ಟು ಒತ್ತಡಕ್ಕೇ ಅಷ್ಟು ನೋವಾಯಿತು. ಬಾಯಲ್ಲಿ ಹೇಳಿದ್ದು ಮಾತ್ರ ಅಲ್ಲ, ನೋವಾದಾಗ ಮೆದುಳಿನಲ್ಲಿ ಚುರುಕಾಗುವ ಜಾಗಗಳು ಸ್ಕ್ಯಾನಿನಲ್ಲೂ ಹಾಗೇ ಚುರುಕಾದವು. ಸುಳ್ಳು ಹೇಳಿ ಸ್ಕ್ಯಾನಿನಲ್ಲಿ ಅದನ್ನು ತರಿಸುವುದು ಸುಲಭದ ಮಾತಲ್ಲ.

ಈ ಮೈಕ್ ನೋಡಿ. ಶುರುವಿನಲ್ಲಿ ಕುಂಯ್ ಅಂತ ಕಿರುಚಿತಲ್ಲ, ಆಗ ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ. ಹಿಂದೆ ಆಂಪ್ಲಿಫೈಯರಿನಲ್ಲಿ ಗುಂಡಿ ಪೂರ್ತಿ ತಿರುಗಿಸಿಟ್ಟಿದ್ದರು, ಅಷ್ಟೇ. ಮೈಕ್ ಬಿಚ್ಚಿ ಎಷ್ಟು ಹುಡುಕಿದರೂ ಏನೂ ಸಿಗುತ್ತಿರಲಿಲ್ಲ. ಈ ಕಾಯಿಲೆಯೂ ಹಾಗೆ. ಸೀರೆಯ ಅಂಚು ತಾಗಿದ್ದು, ಬಸ್ಸಿನಲ್ಲಿ ಭುಜ ತಗುಲಿದ್ದು, ಮೆದುಳಿಗೆ ಹೋಗುವಷ್ಟರಲ್ಲಿ ದೊಡ್ಡದಾಗಿರುತ್ತದೆ. ಬೆನ್ನುಹುರಿ ಹೀಗೆ ಅತಿ ಚುರುಕಾಗಬಲ್ಲದು ಅಂತ ಕ್ಲಿಫರ್ಡ್ ವೂಲ್ಫ್ ಅನ್ನುವ ವಿಜ್ಞಾನಿ 1983ರಲ್ಲೇ ತೋರಿಸಿದ್ದರು. ಆಮೇಲೆ ಈ ಕಾಯಿಲೆ ಇರುವವರ ಬೆನ್ನುಹುರಿಯ ದ್ರವ ತೆಗೆದು ನೋಡಿದಾಗ, ನೋವಿನ ಸುದ್ದಿ ಒಯ್ಯುವ 'ಸಬ್‌ಸ್ಟೆನ್ಸ್ ಪಿ' ಎಂಬ ರಾಸಾಯನಿಕ ಬೇರೆಯವರಿಗಿಂತ ಎರಡು ಮೂರು ಪಟ್ಟು ಇತ್ತು. ನೋವನ್ನು ತಗ್ಗಿಸಲು ಮೆದುಳಿನಿಂದ ಕೆಳಕ್ಕೆ ಬರುವ ನರಗಳೂ ನಮ್ಮಲ್ಲಿವೆ. ಅವು ಇವರಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ.

ಇದು ಗೊತ್ತಾಗುವುದಕ್ಕೆ ಬಹಳ ಕಾಲ ಹಿಡಿಯಿತು. 1904ರಲ್ಲಿ ವಿಲಿಯಂ ಗೋವರ್ಸ್ ಅನ್ನುವ ಇಂಗ್ಲಿಷ್ ವೈದ್ಯರು ಇದು ಮಾಂಸಖಂಡದ ಎಳೆಗಳ ಉರಿಯೂತ ಅಂದರು. ಉರಿಯೂತ ಹುಡುಕುತ್ತಲೇ ಎಪ್ಪತ್ತು ವರ್ಷ ಹೋಯಿತು. ಸಿಗಲಿಲ್ಲ. ಈಗಿನ ಹೆಸರು ಬಂದದ್ದು 1976ರಲ್ಲಿ. ಪೆಟ್ಟೂ ಇಲ್ಲದೆ, ನರಕ್ಕೆ ಹಾನಿಯೂ ಇಲ್ಲದೆ, ನೋವಿನ ವ್ಯವಸ್ಥೆಯೇ ಕೆಟ್ಟು ಬರುವ ನೋವು ಅನ್ನುವ ಮೂರನೇ ಬಗೆಯನ್ನು ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ ಒಪ್ಪಿಕೊಂಡದ್ದು 2017ರಲ್ಲಿ. ಡಾಕ್ಟರುಗಳಲ್ಲೇ ಕೆಲವರು ಇದನ್ನು ಓದಿಕೊಂಡು ಬಂದಿಲ್ಲದಿದ್ದರೆ ಆಶ್ಚರ್ಯ ಇಲ್ಲ, ಅಲ್ವಾ.

ಯಾಕೆ ಬರುತ್ತದೆ? ಒಂದೇ ಕಾರಣ ಇಲ್ಲ. ತಾಯಿಗೋ ಅಕ್ಕನಿಗೋ ಇದ್ದರೆ ಬರುವ ಸಂಭವ ಜಾಸ್ತಿ. ಅಪಘಾತ, ಆಪರೇಷನ್, ದೀರ್ಘಕಾಲದ ಮಾನಸಿಕ ಒತ್ತಡ ಇವುಗಳ ಬೆನ್ನಿಗೂ ಶುರುವಾಗುತ್ತದೆ. ಸೋಂಕು ಇನ್ನೊಂದು. ನಮ್ಮ ಕಡೆ ಎಷ್ಟೋ ಜನ "ಚಿಕುನ್‌ಗುನ್ಯಾ ಬಂದು ಹೋದಮೇಲೆ ಈ ಮೈ ನನ್ನದಲ್ಲ" ಅನ್ನುತ್ತಾರೆ. 2006ರಲ್ಲಿ ಆ ಜ್ವರ ಬಂದಾಗ ದೇಶದಲ್ಲೇ ಹೆಚ್ಚು ಪೆಟ್ಟು ಬಿದ್ದದ್ದು ಕರ್ನಾಟಕಕ್ಕೆ. ಏಳು ಲಕ್ಷಕ್ಕೂ ಮೀರಿದ ಶಂಕಿತ ಪ್ರಕರಣಗಳು. ಆದರೆ ಇಲ್ಲಿ ಜಾಗ್ರತೆ ಬೇಕು. ಚಿಕುನ್‌ಗುನ್ಯಾ ನಂತರ ಕೀಲುಗಳಲ್ಲಿ ನಿಜವಾದ ಉರಿಯೂತವೂ ಉಳಿಯಬಹುದು. ಬೆರಳ ಗಂಟು ಊದಿದ್ದರೆ ಅದು ಫೈಬ್ರೋಮಯಾಲ್ಜಿಯಾದ ಊತ ಅಲ್ಲ, ಬೇರೆ ಪರೀಕ್ಷೆ ಆಗಲೇಬೇಕು.

ನಿದ್ದೆಯ ವಿಷಯಕ್ಕೆ ಬರುತ್ತೇನೆ. ನೋವಿನಿಂದ ನಿದ್ದೆ ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು. ಉಲ್ಟಾನೂ ನಿಜ. 1970ರ ದಶಕದಲ್ಲಿ ಕೆನಡಾದ ಟೊರಾಂಟೊದಲ್ಲಿ ಹಾರ್ವಿ ಮಾಲ್ಡಾಫ್ಸ್ಕಿ ಮತ್ತು ಜೊತೆಯವರು ಆರೋಗ್ಯವಾಗಿದ್ದವರನ್ನು ಮಲಗಿಸಿ, ಅವರು ಗಾಢ ನಿದ್ದೆಗೆ ಜಾರುವ ಹೊತ್ತಿಗೆ ಸರಿಯಾಗಿ ಶಬ್ದ ಮಾಡುತ್ತಿದ್ದರು. ಪೂರ್ತಿ ಎಬ್ಬಿಸುತ್ತಿರಲಿಲ್ಲ, ಗಾಢ ನಿದ್ದೆಯನ್ನು ಮಾತ್ರ ಕೆಡಿಸುತ್ತಿದ್ದರು. ಕೆಲವೇ ರಾತ್ರಿಗಳಲ್ಲಿ ಅವರಿಗೂ ಮೈಕೈ ನೋವು, ಸುಸ್ತು, ಮುಟ್ಟಿದರೆ ನೋವು ಶುರುವಾಯಿತು. ಹಸುಗೂಸಿನ ತಾಯಂದಿರು, ಹಾಸಿಗೆ ಹಿಡಿದ ಅತ್ತೆಯನ್ನೋ ಮಾವನನ್ನೋ ರಾತ್ರಿಯೆಲ್ಲ ನೋಡಿಕೊಳ್ಳುವವರು, ನೈಟ್ ಶಿಫ್ಟಿನವರು, ಈ ಪ್ರಯೋಗವನ್ನು ಯಾರೂ ಹೇಳದೆಯೇ ಮಾಡುತ್ತಿದ್ದಾರೆ ಅನಿಸುತ್ತದೆ ನನಗೆ.

ಪತ್ತೆ ಹೇಗೆ? 1990ರ ನಿಯಮದ ಪ್ರಕಾರ ಮೈಮೇಲೆ 18 ಗೊತ್ತಾದ ಜಾಗಗಳನ್ನು ಹೆಬ್ಬೆರಳಿನಿಂದ ಸುಮಾರು 4 ಕೆಜಿ ಒತ್ತಡದಲ್ಲಿ ಒತ್ತಿ, 11 ಕಡೆ ನೋವಿದ್ದರೆ ಹೌದು ಅನ್ನುತ್ತಿದ್ದರು. 2010ರಲ್ಲಿ ಅಮೆರಿಕನ್ ಕಾಲೇಜ್ ಆಫ್ ರೂಮಟಾಲಜಿ, ಅಂದರೆ ಅಲ್ಲಿನ ಕೀಲು, ಸಂಧಿವಾತದ ತಜ್ಞರ ಸಂಘ, ಆ ಪದ್ಧತಿ ಬಿಟ್ಟು ಬೇರೆ ನಿಯಮ ತಂದಿತು. ಈಗ ಮೈಯ 19 ಭಾಗಗಳಲ್ಲಿ ಕಳೆದ ವಾರ ಎಲ್ಲೆಲ್ಲಿ ನೋವಿತ್ತು, ಸುಸ್ತು ಎಷ್ಟು, ನಿದ್ದೆ ಹೇಗೆ, ಮರೆವು ಎಷ್ಟು ಅಂತ ಕೇಳಿ ಅಂಕ ಹಾಕುತ್ತಾರೆ. ಜೊತೆಗೆ ಥೈರಾಯ್ಡ್, ವಿಟಮಿನ್ ಡಿ, ಹಿಮೋಗ್ಲೋಬಿನ್, ಉರಿಯೂತ ಇದೆಯಾ ಅಂತ ತಿಳಿಸುವ ಇಎಸ್‌ಆರ್, ಸಿಆರ್‌ಪಿ ಇಷ್ಟು ನೋಡಿದರೆ ಬಹುತೇಕ ಸಾಕು. ಥೈರಾಯ್ಡ್ ಕಡಿಮೆ ಇದ್ದರೂ ಹೀಗೇ ಮೈ ನೋಯುತ್ತದೆ. ಇದೆಲ್ಲ ಒಮ್ಮೆ ಆದಮೇಲೆ, ಪ್ರತಿ ಆರು ತಿಂಗಳಿಗೊಂದು ಎಂಆರ್‌ಐ ಮಾಡಿಸಿ ದುಡ್ಡು ಕಳೆಯಬೇಡಿ. ಹೊಸದಾಗಿ ಕೀಲು ಊದಿದರೆ, ಜ್ವರ ಬಂದರೆ, ತೂಕ ತಾನಾಗಿ ಇಳಿದರೆ, ಕೈಕಾಲಿನಲ್ಲಿ ಶಕ್ತಿಯೇ ಕಡಿಮೆಯಾದರೆ ಮಾತ್ರ ತಡ ಮಾಡದೆ ತೋರಿಸಿ. ಒಬ್ಬರಿಗೇ ಸಂಧಿವಾತವೂ ಇದೂ ಎರಡೂ ಇರಬಹುದು.

ಮಾತ್ರೆ ಬಗ್ಗೆ ಚಿಕ್ಕದಾಗಿ. ಮೆಡಿಕಲ್ ಶಾಪಿನಿಂದ ತರುವ ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ಉರಿಯೂತಕ್ಕೆ ಇರುವುದು. ಇಲ್ಲಿ ಉರಿಯೂತವೇ ಇಲ್ಲ. ದಿನಾ ನುಂಗಿದರೆ ಹೊಟ್ಟೆ, ಕಿಡ್ನಿ ಹಾಳಾಗುತ್ತದೆ, ನೋವು ಅಲ್ಲೇ ಇರುತ್ತದೆ. ಡಾಕ್ಟರುಗಳು ಇದಕ್ಕೆ ಕೊಡುವುದು ಬೇರೆ: ರಾತ್ರಿಗೆ ಕಡಿಮೆ ಡೋಸಿನ ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್, ಪ್ರೆಗಬಾಲಿನ್. ಮಗ ಮೊಬೈಲಿನಲ್ಲಿ ಹುಡುಕಿ "ಅಮ್ಮಾ, ಇದು ಡಿಪ್ರೆಶನ್ ಮಾತ್ರೆ" ಅನ್ನುತ್ತಾನೆ. ತಾಯಿ ಮಾತ್ರೆಯನ್ನು ಕಸದ ಡಬ್ಬಿಗೆ ಹಾಕುತ್ತಾರೆ. ಇವುಗಳಲ್ಲಿ ಮೊದಲ ಎರಡು ಖಿನ್ನತೆಗೂ ಬಳಕೆಯಾಗುತ್ತವೆ, ನಿಜ. ಆದರೆ ನೋವು ತಗ್ಗಿಸುವ ಆ ನರಗಳ ಮೇಲೂ ಕೆಲಸ ಮಾಡುತ್ತವೆ. ಹಾಗಂತ ಪವಾಡ ಏನಿಲ್ಲ. ಪ್ರೆಗಬಾಲಿನ್‌ಗೆ 2007ರಲ್ಲಿ, ಡುಲೊಕ್ಸೆಟಿನ್‌ಗೆ 2008ರಲ್ಲಿ ಅಮೆರಿಕ ಈ ಕಾಯಿಲೆಗೆ ಒಪ್ಪಿಗೆ ಕೊಟ್ಟಿತು. ಯುರೋಪಿನ ಔಷಧ ಸಂಸ್ಥೆ ಮಾತ್ರ ಲಾಭ ಸಾಲದು ಅಂದಿತು. ಕೆಲವರಿಗೆ ಒಗ್ಗುತ್ತದೆ, ಹಲವರಿಗೆ ಒಗ್ಗುವುದಿಲ್ಲ. ತಲೆಸುತ್ತು, ತೂಕ ಹೆಚ್ಚುವುದು, ವಾಕರಿಕೆ ಇರಬಹುದು. ಬಿಡುವುದಾದರೆ ಡಾಕ್ಟರನ್ನು ಕೇಳಿ ನಿಧಾನಕ್ಕೆ ಬಿಡಿ, ಒಂದೇ ಸಲ ನಿಲ್ಲಿಸಬೇಡಿ.

ಇನ್ನು ನನ್ನ ಕೆಲಸದ ವಿಷಯ. ಯುರೋಪಿನ ರೂಮಟಾಲಜಿ ತಜ್ಞರು 2016ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದರು. ಅಷ್ಟೊಂದು ಮಾತ್ರೆ, ಚಿಕಿತ್ಸೆಗಳಲ್ಲಿ ಅವರು ಗಟ್ಟಿಯಾಗಿ ಮಾಡಿ ಅಂದದ್ದು ಒಂದನ್ನೇ, ವ್ಯಾಯಾಮ. ಇದನ್ನು ಕೇಳಿದ ತಕ್ಷಣ ನಿಮ್ಮ ಮುಖ ಬಾಡುವುದು ನನಗೆ ಗೊತ್ತು. "ಮೇಡಂ, ವಾಕಿಂಗ್ ಮಾಡಿ ನೋಡಿದೆ, ಇನ್ನೂ ಜಾಸ್ತಿ ಆಯ್ತು." ಎಷ್ಟು ನಡೆದಿರಿ ಅಂದರೆ, ಮೊದಲ ದಿನವೇ ಪಾರ್ಕಿನಲ್ಲಿ ಮುಕ್ಕಾಲು ಗಂಟೆ. ಆಮೇಲೆ ಮೂರು ದಿನ ಹಾಸಿಗೆ. ವ್ಯಾಯಾಮ ಕೆಟ್ಟದ್ದಲ್ಲ, ಪ್ರಮಾಣ ತಪ್ಪಿದ್ದು.

ಎಷ್ಟರಿಂದ ಶುರು ಮಾಡಬೇಕು ಅನ್ನುವುದನ್ನು ನಿಮ್ಮ ಒಳ್ಳೆಯ ದಿನ ನಿರ್ಧರಿಸಬಾರದು, ಕೆಟ್ಟ ದಿನ ನಿರ್ಧರಿಸಬೇಕು. ತೀರಾ ಕೆಟ್ಟ ದಿನದಲ್ಲೂ ಎಷ್ಟು ನಡೆಯಬಲ್ಲಿರಿ? ಮನೆಯಿಂದ ಬೀದಿ ಕೊನೆಯ ಅಂಗಡಿವರೆಗಾ? ಐದು ನಿಮಿಷವಾ? ಹಾಗಾದರೆ ಐದು ನಿಮಿಷ. ನಾಚಿಕೆ ಬೇಡ. ಕೆಟ್ಟ ದಿನವೂ ಐದು, ಒಳ್ಳೆಯ ದಿನವೂ ಐದೇ. ಕಷ್ಟ ಇರುವುದು ಇಲ್ಲೇ. ಕೆಟ್ಟ ದಿನ ಎದ್ದು ಹೊರಡುವುದಕ್ಕಿಂತ, ಒಳ್ಳೆಯ ದಿನ ಐದಕ್ಕೇ ನಿಲ್ಲಿಸಿ ವಾಪಸ್ ಬರುವುದು ಕಷ್ಟ. ಒಂದೆರಡು ವಾರ ಹಾಗೆ ನಡೆದು ಮೈ ಒಗ್ಗಿದ ಮೇಲೆ ಒಂದೋ ಎರಡೋ ನಿಮಿಷ ಸೇರಿಸಿ. ಶುರುವಿನಲ್ಲಿ ನೋವು ಸ್ವಲ್ಪ ಏರುತ್ತದೆ. ಮರುದಿನದ ಹೊತ್ತಿಗೆ ಇಳಿದರೆ ಪರವಾಗಿಲ್ಲ. ನೋವು ಮೂರು ದಿನವಾದರೂ ಇಳಿಯದಿದ್ದರೆ ನಡೆದದ್ದು ಜಾಸ್ತಿಯಾಯಿತು ಅಂತ ಅರ್ಥ, ಸ್ವಲ್ಪ ಕಡಿಮೆ ಮಾಡಿ. ನಿಲ್ಲಿಸಬೇಡಿ.

ಒಳ್ಳೆಯ ದಿನದ ಆಸೆ ಬರೀ ವಾಕಿಂಗಿನಲ್ಲಿ ಅಲ್ಲ, ಅಡುಗೆಮನೆಯಲ್ಲೂ ಬರುತ್ತದೆ. ಹಬ್ಬಕ್ಕೆ ನಾಲ್ಕು ದಿನ ಇದೆ, ಇವತ್ತು ಯಾಕೋ ಮೈ ಹಗುರ ಅನಿಸಿತು ಅಂದುಕೊಳ್ಳಿ. ಏನು ಮಾಡುತ್ತೀರಿ? ಅಟ್ಟದ ಮೇಲಿನ ಪಾತ್ರೆ ಇಳಿಸುತ್ತೀರಿ, ಡಬ್ಬಿ ಎಲ್ಲ ತೊಳೆಯುತ್ತೀರಿ, ಕರ್ಟನ್ ನೆನೆಸುತ್ತೀರಿ, ಫ್ಯಾನ್ ಒರೆಸುತ್ತೀರಿ. ಸಂಜೆವರೆಗೆ ಖುಷಿ. ಹಬ್ಬದ ದಿನ ಹಾಸಿಗೆಯಲ್ಲಿ. ಆಮೇಲೆ ಮಾಡಲಾಗಲಿಲ್ಲವಲ್ಲ ಅನ್ನುವ ಕೊರಗು, ಆ ಕೊರಗಿಗೆ ಮುಂದಿನ ಒಳ್ಳೆಯ ದಿನ ಇನ್ನೂ ಜಾಸ್ತಿ ಕೆಲಸ. ಇದನ್ನು ಮುರಿಯಬೇಕು. ದಿನಕ್ಕೆ ಒಂದು ಶೆಲ್ಫ್ ಸಾಕು. ಒಬ್ಬಟ್ಟಿಗೆ ಬೇಳೆ ಬೇಯಿಸಿ ಹೂರಣ ರುಬ್ಬುವುದು ಹಿಂದಿನ ಸಂಜೆ ಆಗಲಿ. ಕಣಕ ನಾದುವುದು ಬೇರೆಯವರ ಪಾಲು. ತಟ್ಟುವುದು ನಿಮಗೇ ಇಷ್ಟ ಅಂದರೆ ಸ್ಟೂಲ್ ಹಾಕಿಕೊಂಡು ಕೂತು ತಟ್ಟಿ. ಅರ್ಧ ಬಿಂದಿಗೆ ನೀರು ಎರಡು ಸಲ ಎತ್ತಿ. ಮುಖ್ಯವಾಗಿ, ನೋವು ಬಂದ ಮೇಲೆ ವಿಶ್ರಾಂತಿ ಅಲ್ಲ, ಬರುವ ಮೊದಲೇ. ಮೊಬೈಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು, ಹೊಡೆದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಕೂತುಕೊಳ್ಳಿ.

ಮನೆಯಲ್ಲಿ ಇದು ನಡೆಯುತ್ತದೆ. ಆ ಟೈಲರ್ ಹೆಂಗಸಿಗೆ "ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಓಡಾಡಿ" ಅಂದರೆ ಅದು ತಮಾಷೆ. ಲೈನಿನಲ್ಲಿ ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಇರುತ್ತದೆ, ಸೂಪರ್‌ವೈಸರ್ ಹಿಂದೆಯೇ ನಿಂತಿರುತ್ತಾರೆ. ನಾವಿಬ್ಬರೂ ಕೂತು ಯೋಚಿಸಿದೆವು. ಒಂದು ಬಂಡಲ್ ಮುಗಿದು ಇನ್ನೊಂದು ಎತ್ತಿಕೊಳ್ಳುವ ಆ ಕ್ಷಣದಲ್ಲಿ ಕಿವಿವರೆಗೆ ಏರಿದ ಭುಜವನ್ನು ಕೆಳಗಿಳಿಸಿ ಒಂದು ಉಸಿರು ಬಿಡುವುದು. ಊಟದ ಬಿಡುವಿನಲ್ಲಿ ಕೂತೇ ಇರದೆ ಎರಡು ನಿಮಿಷ ನಡೆಯುವುದು. ಮನೆಗೆ ಬಂದ ತಕ್ಷಣ ಅಡುಗೆಮನೆಗೆ ಹೋಗದೆ ಕಾಲು ಗಂಟೆ ಮಲಗುವುದು. ಕೊನೆಯದಕ್ಕೆ ಅತ್ತೆಯ ಒಪ್ಪಿಗೆ ಬೇಕಿತ್ತು. ಹೆಬ್ಬೆರಳಿನ ಪ್ರಯೋಗದ ಕಥೆ ನಾನು ಮೊದಲು ಹೇಳಿದ್ದು ಆ ಅತ್ತೆಗೇ. ಅವರು ತಮ್ಮ ಉಗುರನ್ನು ತಾವೇ ಒತ್ತಿಕೊಂಡು ನೋಡಿದರು. "ಚಪಾತಿ ನಾನೇ ಒತ್ತುತೀನಿ ಬಿಡಿ" ಅಂದರು.

ಯೋಗ ಮಾಡಬಹುದಾ ಅಂದರೆ ಖಂಡಿತ, ಆದರೆ ಮೊದಲ ದಿನವೇ ಹನ್ನೆರಡು ಸೂರ್ಯನಮಸ್ಕಾರ ಬೇಡ. ಚೀನಾದ ನಿಧಾನ ಚಲನೆಯ ತಾಯ್ ಚಿಯಿಂದಲೂ ಲಾಭ ಕಂಡಿದೆ. ಬಿಸಿನೀರ ಸ್ನಾನ, ಹದವಾದ ಶಾಖ ಒಳ್ಳೆಯದು. ಎಣ್ಣೆ ಹಚ್ಚಿ ಮೂಳೆ ಮುರಿಯುವ ಹಾಗೆ ತಿಕ್ಕಿಸಿಕೊಳ್ಳುವುದು ಬೇಡ, ಮೈ ಇನ್ನೂ ಕೆರಳುತ್ತದೆ.

ನಿದ್ದೆಗೆ ಒಂದು ನಿಯಮ ಹಿಡಿದರೂ ಸಾಕು: ರಾತ್ರಿ ಎಷ್ಟೊತ್ತಿಗೇ ಮಲಗಿ, ಬೆಳಗ್ಗೆ ಏಳುವ ಹೊತ್ತು ಒಂದೇ ಇರಲಿ. ಸಂಜೆ ಕಾಫಿ ಬಿಡಿ. (ಇಷ್ಟು ಹೇಳಿದ್ದಕ್ಕೇ ಮೊದಲ ಸಾಲಿನಿಂದ "ಅಯ್ಯೋ" ಬಂತು.) ಜೋರು ಗೊರಕೆ ಇದ್ದರೆ, ರಾತ್ರಿ ಕಾಲು ಸೆಳೆದು ಆಡಿಸುತ್ತಲೇ ಇರಬೇಕು ಅನಿಸಿದರೆ ಡಾಕ್ಟರಿಗೆ ಹೇಳಿ. ಮೊದಲನೆಯದು ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು, ಎರಡನೆಯದಕ್ಕೆ ಕಬ್ಬಿಣದ ಅಂಶದ ಕೊರತೆ ಕಾರಣ ಇರಬಹುದು. ಎರಡಕ್ಕೂ ಚಿಕಿತ್ಸೆ ಇದೆ. ಕೌನ್ಸೆಲರ್ ಹತ್ತಿರ ಹೋಗಿ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ನೋವು ಸುಳ್ಳು ಅಂತ ಯಾರೂ ಹೇಳುತ್ತಿಲ್ಲ. ಹೆದರಿಕೆ, ಚಿಂತೆ ನೋವಿನ ಆ ಆಂಪ್ಲಿಫೈಯರ್ ಗುಂಡಿಯನ್ನು ಇನ್ನೂ ತಿರುಗಿಸುತ್ತವೆ, ಅದಕ್ಕೇ.

ಇನ್ನು ಪ್ರಶ್ನೆಗಳು.

ಬದನೆಕಾಯಿ, ಆಲೂಗಡ್ಡೆ ವಾಯು ಅಂತಾರೆ, ಬಿಡಬೇಕಾ?

ಬಿಟ್ಟರೆ ಈ ನೋವು ಹೋಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ತಿಂದು ಹೊಟ್ಟೆ ಉಬ್ಬರಿಸಿದರೆ ಕಡಿಮೆ ಮಾಡಿ. ತೂಕ ಜಾಸ್ತಿ ಇದ್ದರೆ ಇಳಿಸಿದಷ್ಟೂ ಒಳ್ಳೆಯದು. ಬರೀ ಪಥ್ಯ ಮಾಡಿ ಸೊರಗಬೇಡಿ.

ಊರಿನಲ್ಲಿ ಒಬ್ಬರು ಪುಡಿ ಕೊಟ್ಟರು, ಎರಡೇ ದಿನಕ್ಕೆ ನೋವು ಮಾಯ. ತಗೋಬಹುದಾ?

ಪೊಟ್ಟಣದ ಮೇಲೆ ಏನಿದೆ ಅಂತ ಬರೆದಿದೆಯಾ? ಇಲ್ಲ ಅಂದರೆ ನನಗೆ ಅನುಮಾನ. ಇಂಥ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್, ನೋವಿನ ಮಾತ್ರೆ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿದೆ. ಮುಖ ಊದಿಕೊಂಡಿದೆಯಾ, ಶುಗರ್ ಏರಿದೆಯಾ ನೋಡಿ. ಬಹಳ ದಿನ ತಗೊಂಡಿದ್ದರೆ ನೀವಾಗೇ ತಟ್ಟನೆ ನಿಲ್ಲಿಸುವುದೂ ಅಪಾಯ. ಪೊಟ್ಟಣ ಹಿಡಿದುಕೊಂಡೇ ಡಾಕ್ಟರ್ ಹತ್ತಿರ ಹೋಗಿ.

ಪೂರ್ತಿ ವಾಸಿ ಆಗುತ್ತಾ?

ಪೂರ್ತಿ ಹೋಗುತ್ತದೆ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಇದರಿಂದ ಕೀಲು ಸೊಟ್ಟಗಾಗುವುದಿಲ್ಲ, ಜೀವಕ್ಕೆ ಅಪಾಯ ಇಲ್ಲ. ನೋವು ಕಡಿಮೆಯಾಗಿ, ಕೆಲಸ, ಓಡಾಟ ಮತ್ತೆ ಹಿಡಿತಕ್ಕೆ ಬಂದವರನ್ನು ನೋಡಿದ್ದೇನೆ. 2021ರಲ್ಲಿ ಇಂಗ್ಲೆಂಡ್ ಮತ್ತು ಸ್ವೀಡನ್ನಿನ ಸಂಶೋಧಕರು ಈ ಕಾಯಿಲೆ ಇರುವವರ ರಕ್ತದ ಪ್ರತಿಕಾಯಗಳನ್ನು (ಸೋಂಕಿನ ವಿರುದ್ಧ ಹೋರಾಡಲು ಮೈ ತಯಾರಿಸುವ ಪ್ರೋಟೀನುಗಳನ್ನು) ಇಲಿಗಳಿಗೆ ಚುಚ್ಚಿದಾಗ ಇಲಿಗಳಿಗೂ ಮುಟ್ಟಿದರೆ ನೋವು ಜಾಸ್ತಿಯಾಯಿತು. ಅದರಿಂದ ಮುಂದೆ ಹೊಸ ದಾರಿ ತೆರೆಯಬಹುದು. ಸದ್ಯಕ್ಕೆ ಅದು ಇಲಿಗಳ ಹಂತದಲ್ಲಿದೆ.

ನನ್ನ ಹೆಂಡತಿಗೆ ಇದೆ. ನಾನೇನು ಮಾಡಲಿ? (ಇದ್ದ ಬೆರಳೆಣಿಕೆಯ ಗಂಡಸರಲ್ಲಿ ಒಬ್ಬರು ಎದ್ದು ನಿಂತು ಕೇಳಿದ್ದು.)

"ಇವತ್ತು ನೋವು ಹೇಗಿದೆ" ಅಂತ ಗಂಟೆಗೊಮ್ಮೆ ಕೇಳಬೇಡಿ. ಎಲ್ಲ ಕೆಲಸ ನೀವೇ ಕಿತ್ತುಕೊಳ್ಳಲೂ ಬೇಡಿ, ಅವರು ಇನ್ನೂ ಕುಗ್ಗುತ್ತಾರೆ. ದಿನಾ ಒಂದು ಕೆಲಸ, ಅವರು ಹೇಳದೆಯೇ, ನಿಮ್ಮದೇ ಅಂತ ಮಾಡಿಕೊಳ್ಳಿ. ಬಟ್ಟೆ ಹಿಂಡಿ ಒಣಗಿಸುವುದು ಭುಜಕ್ಕೆ ಬಹಳ ಕಷ್ಟ. ಅಲ್ಲಿಂದ ಶುರು ಮಾಡಿ. ಸಂಜೆ ಆ ಐದು ನಿಮಿಷ ಜೊತೆಗೆ ನಡೆಯಿರಿ, ಅವರ ನಡಿಗೆಯ ವೇಗದಲ್ಲಿ.

ಮೊದಲು ಯಾವ ಡಾಕ್ಟರನ್ನು ನೋಡಬೇಕು?

ನಿಮ್ಮ ಮನೆ ಹತ್ತಿರದ ಫಿಸಿಷಿಯನ್ ಸಾಕು. ಅವರಿಗೆ ಅನುಮಾನ ಬಂದರೆ ರೂಮಟಾಲಜಿಸ್ಟ್ ಹತ್ತಿರ ಕಳಿಸುತ್ತಾರೆ. ಅವರು ಸಿಗುವುದು ದೊಡ್ಡ ಊರುಗಳಲ್ಲೇ ಜಾಸ್ತಿ, ಒಂದು ದಿನದ ಓಡಾಟಕ್ಕೆ ತಯಾರಾಗಿ ಹೋಗಿ. ಆ ದಪ್ಪ ಕವರ್ ಜೊತೆ ಒಂದು ಹಾಳೆಯೂ ಇರಲಿ. ನೋವು ಶುರುವಾದದ್ದು ಯಾವಾಗ, ಅದಕ್ಕೆ ಮುಂಚೆ ಜ್ವರವೋ ಆಪರೇಷನ್ನೋ ಆಗಿತ್ತಾ, ಎಲ್ಲೆಲ್ಲಿ ನೋವು, ನಿದ್ದೆ ಹೇಗೆ, ಈಗ ನುಂಗುತ್ತಿರುವ ಮಾತ್ರೆ ಯಾವುವು, ನಾಟಿ ಔಷಧಿ ಇದ್ದರೆ ಅದೂ. ಡಾಕ್ಟರ್ ಕೊಡುವುದು ಹತ್ತು ನಿಮಿಷ. ಕವರ್ ಬಿಚ್ಚುವುದರಲ್ಲೇ ಐದು ನಿಮಿಷ ಹೋಗುತ್ತದೆ. ಮೊದಲು ಹಾಳೆ ಕೊಡಿ.